ಮಟಮಟ ಮಧ್ಯಾಹ್ನದ ಕ್ಷೇತ್ರಕಾರ್ಯ

ಹಳ್ಳಿಗೆ ಕ್ಷೇತ್ರಕಾರ್ಯಕ್ಕೆ ಹೋಗಿ ಬಂದ ವಿದ್ಯಾರ್ಥಿಗಳದು ಬಹುಮಟ್ಟಿಗೆ ಒಂದೇ ದೂರು: ‘ಹಗಲೆಲ್ಲ ಊರಲ್ಲಿ ಯಾರೂ ಸಿಗೋದಿಲ್ಲ ಸಾರ್, ಸುಮ್ಮನೆ ಕೂತು ಕೂತು ಬೇಜಾರು.’ ದೂರು ನಿಜವೇ. ಬೆಳಗಿನ ಹಾಲು ಡೇರಿಗೆ ಹೋದ ಮೇಲೆ ಊರು ಹೊಲಗದ್ದೆಗೆ ಚದುರುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ಹರೆಯದವರನ್ನು ಗಾರ್ಮೆಂಟ್ಸ್ ಬಸ್ಸು ಒಯ್ಯುತ್ತದೆ. ಪ್ರಶ್ನಾವಳಿ ಹಿಡಿದು ಬಂದವರಿಗೆ ಉಳಿಯುವುದು ಬೀಗ ಬಿದ್ದ ಬಾಗಿಲು ಮತ್ತು ಕೈಯಲ್ಲಿನ ಮೊಬೈಲು. ಊರು ಆರಿಸುವ ಬಗೆ, ಮಾತು ದಾಖಲಿಸುವ ಬಗೆ ಇವನ್ನೆಲ್ಲ ಈ ಅಂಕಣದಲ್ಲಿ ಬರೆದದ್ದಾಗಿದೆ. ಈ ವಾರ ಆ ಖಾಲಿ ಹೊತ್ತಿನ ಪರವಾಗಿ ಕೆಲವು ಮಾತು. ನನ್ನ ಮಟ್ಟಿಗೆ ಕ್ಷೇತ್ರಕಾರ್ಯದ ತಿರುಳಿರುವುದೇ ಅಲ್ಲಿ.

ಓದುವ ಕಾಲದಲ್ಲಿ ಮಂಡ್ಯ ಸೀಮೆಯ ಹಳ್ಳಿಯೊಂದಕ್ಕೆ ಹೋಗಿದ್ದಾಗ ನನ್ನ ನಮೂನೆಯಲ್ಲಿ ‘ರಾಗಿ ಕೊಯ್ಲಿಗೆ ಕೊಟ್ಟ ಕೂಲಿ ಎಷ್ಟು?’ ಎಂಬ ಪ್ರಶ್ನೆಯಿತ್ತು. ಎಷ್ಟೋ ಮನೆಗಳಲ್ಲಿ ಬಂದ ಉತ್ತರ, ‘ಏನೂ ಇಲ್ಲ ಕನಪ್ಪ.’ ಮಧ್ಯಾಹ್ನ ಬೇರೆ ಕೆಲಸವಿಲ್ಲದೆ, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಗಸರ ಜೊತೆ ನಾನೂ ಸುಲಿಯಲು ಕೂತೆ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು: ‘ಆ ಮನೆಯೋಳು ನಮಗಿನ್ನೂ ಎರಡಾಳು ತೀರಿಸಬೇಕು ಕನಕ್ಕ.’ ಅದು ಮುಯ್ಯಾಳಿನ ಲೆಕ್ಕ. ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ, ನಾಳೆ ನನ್ನ ಹೊಲಕ್ಕೆ ನೀನು. ಸುಗ್ಗಿಯ ದುಡಿಮೆಯಲ್ಲಿ ಬಹುಪಾಲು ಆ ಲೆಕ್ಕದ ಮೇಲೆಯೇ ನಡೆದಿತ್ತು. ಯಾರು ಯಾರಿಗೆ ಮುಯ್ಯಿ ಹೋಗುತ್ತಾರೆ, ಯಾವ ಕೇರಿಯವರನ್ನು ಕೂಲಿಗೆ ಕರೆಯುತ್ತಾರೆಯೇ ಹೊರತು ಮುಯ್ಯಿಗೆ ಕರೆಯುವುದಿಲ್ಲ, ಯಾವ ಜಗಳದ ಮೇಲೆ ಎರಡು ಮನೆಗಳ ನಡುವೆ ಮುಯ್ಯಿ ನಿಂತಿತು, ಎಲ್ಲ ಆ ಮಾತಿನಲ್ಲಿ ಬಂತು. ಊರಿನ ಜಾತಿ, ನೆಂಟಸ್ತಿಕೆ, ಹಗೆ ಅಷ್ಟೂ ಅದರೊಳಗಿತ್ತು. ನಮೂನೆಯಲ್ಲಿ ಅದಕ್ಕೆ ಕಲಮೇ ಇರಲಿಲ್ಲ.

ಬೇಸರ ಎಲ್ಲರನ್ನೂ ಕಾಡುತ್ತದೆ. ಕ್ಷೇತ್ರಕಾರ್ಯಕ್ಕೆ ದಾರಿ ಹಾಕಿಕೊಟ್ಟ ಮಾಲಿನೋವ್ಸ್ಕಿ ನ್ಯೂಗಿನಿ ಕಡೆ ಇದ್ದಾಗ ಕಾದಂಬರಿಗಳಲ್ಲಿ ಮುಳುಗಿ, ಆಮೇಲೆ ತಮ್ಮನ್ನೇ ಬೈದುಕೊಂಡದ್ದು ಅವರ ದಿನಚರಿಯಲ್ಲಿದೆ. ಅದು ಅಚ್ಚಾದದ್ದು 1967ರಲ್ಲಿ, ಅವರು ತೀರಿಕೊಂಡು 25 ವರ್ಷಗಳಾದ ಮೇಲೆ.

ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ಇದ್ದು ಬಂದರು. ಬರಹದಲ್ಲಿ ಅದನ್ನು ರಾಂಪುರ ಎಂದು ಕರೆದರು. ವರ್ಷಗಟ್ಟಲೆ ವಿಂಗಡಿಸಿ ಸಿದ್ಧಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. ಮೂಲ ಟಿಪ್ಪಣಿಗಳು ದೆಹಲಿಯಲ್ಲಿ ಉಳಿದಿದ್ದರೂ ಅವರು ನೆನಪಿನಿಂದಲೇ ಬರೆಯಲು ಕೂತರು. 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’ನಲ್ಲಿ ಊರ ಯಜಮಾನರ ಗತ್ತು, ಗದ್ದೆಯ ಕೆಲಸ, ಮನೆಮನೆಯ ಜಗಳ ಎದುರು ನಿಂತಂತೆ ಕಾಣುತ್ತವೆ. ಬರೀ ನಮೂನೆ ತುಂಬಿ ಬಂದವರಿಗೆ ಇಂಥ ನೆನಪು ಉಳಿಯುವುದಿಲ್ಲ. ಜನರ ಜೊತೆ ಹೊತ್ತು ಕಳೆದವರಿಗೆ ಮಾತ್ರ ಉಳಿಯುತ್ತದೆ.

ಹಾಗಾದರೆ ಎಲ್ಲಿ ಕೂರಬೇಕು? ಸಂಜೆ ಡೇರಿಯ ಮುಂದೆ ಕೂತರೆ ಯಾರ ಮನೆಯಲ್ಲಿ ಎಮ್ಮೆ ಬತ್ತಿದೆ, ಹಾಲಿನ ದುಡ್ಡು ಯಾರ ಕೈ ಸೇರುತ್ತದೆ ಎಂಬುದು ಕೇಳದೆಯೇ ತಿಳಿಯುತ್ತದೆ. ಹಿಟ್ಟಿನ ಗಿರಣಿ, ಅಕ್ಕಿ ಕೊಡುವ ದಿನದ ನ್ಯಾಯಬೆಲೆ ಅಂಗಡಿ ಇವೂ ಒಳ್ಳೆಯ ಜಾಗಗಳು. ಅರಳಿಕಟ್ಟೆಯನ್ನು ನಾನು ಅಷ್ಟು ನಂಬುವುದಿಲ್ಲ. ಅಲ್ಲಿ ಗಂಡಸರು ಹೊರಗಿನವರಿಗೆಂದೇ ಮಾತಾಡುತ್ತಾರೆ. ವಿದ್ಯಾರ್ಥಿನಿಯರಿಗೆ ಕಟ್ಟೆ ದಕ್ಕದಿದ್ದರೂ ಹಿತ್ತಿಲು ದಕ್ಕುತ್ತದೆ. ಹಿತ್ತಿಲಿನ ಮಾತಿಗೇ ತೂಕ ಹೆಚ್ಚು. ಎಲ್ಲಿ ಕೂತರೂ ಮೊಬೈಲು ಚೀಲದಲ್ಲಿರಲಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರನ್ನು ಯಾರೂ ಮಾತಾಡಿಸುವುದಿಲ್ಲ. ಬರೆಯುವುದನ್ನು ರಾತ್ರಿ ಒಬ್ಬರೇ ಇದ್ದಾಗ ಬರೆದುಕೊಳ್ಳಿ.

ಮಾರ್ಗದರ್ಶಕರಲ್ಲೂ ಒಂದು ಕೋರಿಕೆ. ದಿನಕ್ಕೆ ಇಷ್ಟು ಮನೆ, ಇಷ್ಟು ನಮೂನೆ ಎಂದು ಗುರಿ ಕೊಡುವಾಗ ಮಧ್ಯಾಹ್ನಗಳನ್ನು ಮಕ್ಕಳಿಗೇ ಬಿಡಿ. ಆ ಹೊತ್ತಿನಲ್ಲಿ ಅವರು ಕಂಡು ಕೇಳಿ ಬರೆದದ್ದನ್ನು, ಅಂಕ ಕೊಡಲು ಆಗದಿದ್ದರೂ, ದಯವಿಟ್ಟು ಓದಿ.