ಡೊಂಬಿವಲಿಯ ಒಂದು ಪರವಾನಗಿ, ಐದು ಸಾಲುಗಳಲ್ಲಿ

ಕಲ್ಯಾಣ-ಡೊಂಬಿವಲಿ ಪಾಲಿಕೆಯ ಹೆಸರಿನಲ್ಲಿ ನಕಲಿ ಪರವಾನಗಿ ಸೃಷ್ಟಿಸಿ, ಅದನ್ನೇ ತೋರಿಸಿ ಮಹಾರೇರಾ (ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಪಡೆದ 65 ಕಟ್ಟಡಗಳನ್ನು ಕೆಡವಬೇಕೆಂದು ಬಾಂಬೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಆದೇಶಿಸಿತು. ರೇರಾ ನಂಬರ್ ನಂಬಿ, ಸಾಲ ಮಾಡಿ ಫ್ಲ್ಯಾಟ್ ಕೊಂಡವರ ಪಾಡು ಏನಾಗಬೇಡ! ಅಂಥ ಪರವಾನಗಿಗಳನ್ನು, ಒಮ್ಮೆ ಬರೆದದ್ದನ್ನು ಅಳಿಸಲಾಗದಂತೆ ಹಲವು ಯಂತ್ರಗಳಲ್ಲಿ ಹಂಚಿಡುವ ಬ್ಲಾಕ್‌ಚೈನ್‌ನಲ್ಲಿ ದಾಖಲಿಸುವ ಪದ್ಧತಿ ಇದ್ದಿದ್ದರೆ ಆ ದಾಖಲೆ ಹೇಗಿರುತ್ತಿತ್ತು? ನಾನೇ ಹೆಣೆದ ಐದು ಸಾಲಿನ ನಮೂನೆಯನ್ನು ಇಲ್ಲಿ ಒಂದೊಂದಾಗಿ ಬಿಡಿಸುತ್ತೇನೆ.

1. ಕಡತ: ಕಟ್ಟಡ ಆರಂಭ ಪರವಾನಗಿ, ಪಿಡಿಎಫ್

ಬಿಲ್ಡರುಗಳ ಬಾಯಲ್ಲಿ ಇದು 'ಸಿಸಿ'. ಕಡತವೇ ಚೈನ್‌ ಒಳಗೆ ಕೂರುವುದಿಲ್ಲ. ಎಥೀರಿಯಂನಂಥ ಜಾಲದಲ್ಲಿ ಬೈಟ್ ಲೆಕ್ಕದಲ್ಲಿ ಶುಲ್ಕ ತೆರಬೇಕು; ನಕ್ಷೆ ಸಮೇತ ಪಿಡಿಎಫ್ ಅಲ್ಲಿಗೆ ಏರಿಸುವುದು ದುಂದು. ಇಲ್ಲಿರುವುದು ಹೆಸರಷ್ಟೇ.

2. ಹ್ಯಾಶ್: 9ಎಫ್4ಸಿ…ಬಿ07

ಎಸ್‌ಎಚ್‌ಎ-256 ಎಂಬ ಲೆಕ್ಕ ಎಷ್ಟು ದೊಡ್ಡ ಕಡತವನ್ನಾದರೂ 64 ಅಂಕಿ-ಅಕ್ಷರಗಳಿಗೆ ಇಳಿಸುತ್ತದೆ. ಅದು ಆ ಕಡತದ ಹೆಬ್ಬೆಟ್ಟಿನ ಗುರುತು. ನಾಲ್ಕು ಮಹಡಿಯ ಅನುಮತಿಯನ್ನು ಏಳು ಎಂದು ತಿದ್ದಿದರೆ ಬದಲಾಗುವುದು ಒಂದೇ ಅಂಕಿ, ಹ್ಯಾಶ್ ಮಾತ್ರ ಪೂರ್ತಿ ಬೇರೆ. ಆದರೆ ಅಸಲಿ ಕಾಗದವನ್ನೇ ಮತ್ತೆ ಸ್ಕ್ಯಾನ್ ಮಾಡಿದರೂ ಹ್ಯಾಶ್ ತಾಳೆಯಾಗದು. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಸಾಲದು, ಮೂಲ ಪಿಡಿಎಫ್ ಅನ್ನೇ ಕೇಳಿ ಪಡೆಯಬೇಕು.

3. ವಿಳಾಸ: ಐಪಿಎಫ್‌ಎಸ್, ಬಾಫಿಬೆ…

ಹುವಾನ್ ಬೆನೆಟ್ ರೂಪಿಸಿದ ಐಪಿಎಫ್‌ಎಸ್ ಎಂಬ ಕಡತ ಹಂಚಿಕೆಯ ಜಾಲ 2015ರಲ್ಲಿ ಬಂತು. ಅದರಲ್ಲಿ ಕಡತದ ತಿರುಳಿನಿಂದಲೇ ವಿಳಾಸ ಹುಟ್ಟುತ್ತದೆ. ಅದನ್ನು ಇಟ್ಟುಕೊಂಡ ಯಾವ ಯಂತ್ರದಿಂದಾದರೂ ಪಡೆಯಬಹುದು. ವಿಕೇಂದ್ರಿತ ಎಂದ ಮಾತ್ರಕ್ಕೆ ಶಾಶ್ವತ ಎಂದು ತಿಳಿದವರು ಬಹಳ. ಯಾರೂ 'ಪಿನ್' ಮಾಡಿಕೊಳ್ಳದ, ಅಂದರೆ ಉಳಿಸಿಕೊಳ್ಳಬೇಕೆಂದು ತಮ್ಮ ಯಂತ್ರದಲ್ಲಿ ಗುರುತು ಹಾಕಿಕೊಳ್ಳದ ಕಡತ, ಯಂತ್ರಗಳು ಜಾಗ ತೆರವು ಮಾಡಿಕೊಳ್ಳುವಾಗ ಅಳಿದುಹೋಗುತ್ತದೆ. ಚೈನ್‌ನಲ್ಲಿ ವಿಳಾಸವೊಂದೇ ಉಳಿಯುತ್ತದೆ. ನವಿ ಮುಂಬೈಯ ಐರೋಲಿ, ಮಹಾಪೆಗಳಲ್ಲಿ ಡೇಟಾ ಸೆಂಟರ್‌ಗಳಿಗೇನೂ ಬರವಿಲ್ಲ, ಆದರೆ ಎಲ್ಲ ಪ್ರತಿಗಳೂ ಒಂದೇ ಕಟ್ಟಡದಲ್ಲಿದ್ದರೆ ಬಂದ ಭಾಗ್ಯವೇನು? ಪಾಲಿಕೆ, ಮಹಾರೇರಾ, ಹೌಸಿಂಗ್ ಸೊಸೈಟಿ ಮೂವರೂ ಪಿನ್ ಮಾಡಲಿ. ಕೊಂಡವರ ಆಧಾರ್, ಫೋನ್ ನಂಬರ್ ಮಾತ್ರ ಈ ಕಡತದಲ್ಲಿ ಇರಲೇಕೂಡದು. ಹರಡಿದ ಮೇಲೆ ಹಿಂದಕ್ಕೆ ಪಡೆಯಲಾಗದು.

4. ಸಹಿ: ಪಾಲಿಕೆಯ ನಗರ ಯೋಜನಾ ವಿಭಾಗ

ಇಡೀ ದಾಖಲೆಯ ಜೀವ ಇಲ್ಲಿದೆ. ಬ್ಲಾಕ್‌ಚೈನ್ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ನಕಲಿ ಪರವಾನಗಿಯನ್ನು ಬಿಲ್ಡರನೇ ತನ್ನ ಕೀಲಿಯಿಂದ (ಡಿಜಿಟಲ್ ಸಹಿ ಹಾಕುವ ಗುಟ್ಟಿನ ಸಂಖ್ಯೆ) ಏರಿಸಿದರೆ ಅದೂ ಅಳಿಸಲಾಗದ ದಾಖಲೆಯೇ. ಆ 65 ಕಟ್ಟಡಗಳ ವಿಷಯದಲ್ಲಿ ಪಾಲಿಕೆ ಕೊಡದೇ ಇದ್ದದ್ದನ್ನು ಪಾಲಿಕೆಯದೆಂದು ತೋರಿಸಲಾಗಿತ್ತು. ನೋಂದಣಿಯ ಹೊತ್ತಿಗೆ ಪಾಲಿಕೆಯ ಕಡತದೊಡನೆ ತಾಳೆ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಹಾಗಾಗಿ ಹ್ಯಾಶ್ ಏರಿಸುವ ಹಕ್ಕು ಪಾಲಿಕೆಯ ಖಾಸಗಿ ಕೀಲಿಗೆ ಮಾತ್ರ ಇರಬೇಕು, ಅದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿ ಎಲ್ಲರಿಗೂ ತಿಳಿದಿರಬೇಕು. ಮಹಾರಾಷ್ಟ್ರದಲ್ಲೇ ಇದಕ್ಕೊಂದು ಮಾದರಿ ಇದೆ: ಗಡಚಿರೋಲಿ ಜಿಲ್ಲೆಯ ಎಟಾಪಲ್ಲಿಯಲ್ಲಿ 2022ರಲ್ಲಿ ಆಡಳಿತವೇ ಜಾತಿ ಪ್ರಮಾಣಪತ್ರಗಳನ್ನು ಪಾಲಿಗಾನ್ ಬ್ಲಾಕ್‌ಚೈನ್‌ಗೆ ಜೋಡಿಸತೊಡಗಿತು. ಕಾಡಿನ ನಡುವಿನ ತಾಲ್ಲೂಕಿಗೆ ಆದದ್ದು ಮುಂಬೈ ಮಗ್ಗುಲಿನ ಪಾಲಿಕೆಗೆ ಆಗದೇನು? ಕೀಲಿ ಒಬ್ಬ ಗುಮಾಸ್ತರ ಪೆನ್‌ಡ್ರೈವ್‌ನಲ್ಲಿ ಇರುವಂತಿಲ್ಲ. ಇಬ್ಬರು ಅಧಿಕಾರಿಗಳು ಒಪ್ಪಿದರಷ್ಟೇ ಸಹಿ ಬೀಳುವ ಏರ್ಪಾಡು ಬೇಕು.

5. ಬ್ಲಾಕ್: ಸಂಖ್ಯೆ, ಸಮಯ; ಸ್ಥಿತಿ: ಜಾರಿ

ಹಳೇ ತಾರೀಕು ಹಾಕಿ ಪರವಾನಗಿ ಹುಟ್ಟಿಸುವ ದಾರಿ ಇಲ್ಲಿ ಮುಚ್ಚುತ್ತದೆ. ಪಾಲಿಕೆ ಮುಂದೆ ಅನುಮತಿ ರದ್ದು ಮಾಡಿದರೂ ಹಳೆಯ ಸಾಲು ಅಳಿಯದು, 'ರದ್ದು' ಎಂಬ ಹೊಸ ನಮೂದು ಅದರ ಮುಂದೆ ಸೇರುತ್ತದೆ. ಫ್ಲ್ಯಾಟ್‌ಗೆ ಟೋಕನ್ ಹಣ ಕೊಡುವ ಮುನ್ನ ಆ ಕೊನೆಯ ನಮೂದಿನವರೆಗೂ ನೋಡಬೇಕು.