ಡಿಎಪಿ ಎರಚಬೇಡಿ, ಸಾಲಿಗೆ ಹಾಕಿ

ಕೋಲಾರ, ಶ್ರೀನಿವಾಸಪುರದ ಕಡೆ ಟೊಮೆಟೊ ನಾಟಿಗೆ ಮುಂಚೆ ಡಿಎಪಿ ಮೂಟೆ ಬಿಚ್ಚಿ ಹೊಲದ ತುಂಬ ಎರಚುವುದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಮೊರಾಕ್ಕೊ, ಜೋರ್ಡಾನ್‌ನಂಥ ದೂರದ ದೇಶಗಳ ಕಲ್ಲಿನಿಂದ ತಯಾರಾಗುವ ದುಬಾರಿ ಗೊಬ್ಬರ ಅದು. ಹಾಕಿದ ರಂಜಕದಲ್ಲಿ ಮೊದಲ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ಉಳಿದದ್ದರಲ್ಲಿ ಬಹುಪಾಲನ್ನು ನಮ್ಮ ಕೆಮ್ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಎರೆಮಣ್ಣಿನಲ್ಲಿ ಆ ಕೆಲಸ ಸುಣ್ಣದ್ದು.

ಯೂರಿಯಾದ ಸಾರಜನಕ ನೀರಿನ ಜೊತೆ ಹರಿದು ಬೇರು ಮುಟ್ಟುತ್ತದೆ. ರಂಜಕ ಬಿದ್ದಲ್ಲಿಂದ ಕದಲುವುದು ಕೆಲವೇ ಮಿಲಿಮೀಟರ್. ಬೇರೇ ಅದರ ಬಳಿ ಹೋಗಬೇಕು. ನರ್ಸರಿ ಟ್ರೇಯಿಂದ ಆಗಷ್ಟೇ ಬಂದ ಸಸಿಗೆ ಅಷ್ಟು ದೂರ ಚಾಚುವ ಬೇರೆಲ್ಲಿದೆ? ಸಸಿ ಸಾಲಿನ ಪಕ್ಕ 2 ಇಂಚು ಬಿಟ್ಟು, 2 ಇಂಚು ಆಳಕ್ಕೆ ಗೆರೆ ತೆಗೆದು ಗೊಬ್ಬರ ಹಾಕಿ ಮಣ್ಣೆಳೆಯಿರಿ. ಸ್ವಲ್ಪವೇ ಮಣ್ಣಿಗೆ ತಾಗುವುದರಿಂದ ಅದರ ಹಿಡಿತಕ್ಕೆ ಸಿಕ್ಕುವುದೂ ಸ್ವಲ್ಪವೇ. ಬೇರಿಗೆ ಮಾತ್ರ ತಾಗಿಸಬೇಡಿ, ಡಿಎಪಿಯ ಅಮೋನಿಯಾ ಎಳೆ ಬೇರನ್ನು ಸುಡುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೂ ಅದೇ ಸಾಲಿಗೆ ಬಿದ್ದರೆ ಇನ್ನೂ ಒಳ್ಳೆಯದು. ಅದರ ಸಾವಯವ ಆಮ್ಲಗಳು ರಂಜಕವನ್ನು ಮಣ್ಣು ಕಟ್ಟಿಹಾಕದಂತೆ ತಡೆಯುತ್ತವೆ.

ಈರುಳ್ಳಿ, ಎಲೆಕೋಸು, ಹೂಕೋಸಿಗಾದರೆ ನನ್ನ ಮತ ಸೂಪರ್ ಫಾಸ್ಫೇಟಿಗೆ. ರಂಜಕ ಶೇ 16 ಮಾತ್ರ, ಮೂಟೆ ಹೆಚ್ಚು ಹೊರಬೇಕು, ನಿಜ. ಆದರೆ ಈ ಬೆಳೆಗಳು ಬಯಸುವ ಗಂಧಕ ಅದರಲ್ಲೇ ಬರುತ್ತದೆ. ಡ್ರಿಪ್ ಇರುವವರು 12-61-0 ಮತ್ತು ಕ್ಯಾಲ್ಸಿಯಂ ನೈಟ್ರೇಟನ್ನು ಒಂದೇ ಡ್ರಮ್ಮಿನಲ್ಲಿ ಕಲಸಬಾರದು. ಬಿಳಿ ಗಸಿ ಕೂತು ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ, ರಂಜಕವೂ ಹೋಗುತ್ತದೆ.

ಡಿಸೆಂಬರ್ ಚಳಿಯಲ್ಲಿ ಎಳೆ ಟೊಮೆಟೊ ಎಲೆಯ ಅಡಿ ನೇರಳೆಗೆ ತಿರುಗಿದ ಕೂಡಲೇ ರಂಜಕದ ಕೊರತೆಯೆಂದು ಇನ್ನಷ್ಟು ಡಿಎಪಿ ಸುರಿಯುವವರಿದ್ದಾರೆ. ಮಣ್ಣು ತಣ್ಣಗಾಗಿ ಬೇರು ಮಂದವಾದಾಗ ರಂಜಕ ಇದ್ದರೂ ಗಿಡ ಹೀರಲಾರದು. ಕೊರತೆ ಚಳಿಯದ್ದೇ ಆಗಿದ್ದರೆ ಬಿಸಿಲೇರಿದಂತೆ ಹೊಸ ಎಲೆ ಹಸಿರಾಗಿಯೇ ಬರುತ್ತದೆ.

ವರ್ಷಗಟ್ಟಲೆ ತರಕಾರಿ ಬೆಳೆದ ಹೊಲಗಳಲ್ಲಿ ಹಳೆಯ ರಂಜಕ ಸಾಕಷ್ಟು ಕೂಡಿಕೊಂಡಿರುವುದುಂಟು. ಅದರ ಮೇಲೆ ಮತ್ತೆ ಸುರಿದರೆ ಗಿಡಕ್ಕೆ ಸತುವಿನ ಕೊರತೆ ಶುರುವಾಗಬಹುದು. ಆದ್ದರಿಂದ ಮುಂದಿನ ನಾಟಿಗೆ ಗೊಬ್ಬರ ಕೊಳ್ಳುವ ಮೊದಲು ಹೊಲದ ಹತ್ತಾರು ಕಡೆಯಿಂದ 6 ಇಂಚು ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಪರೀಕ್ಷೆಗೆ ಕೊಡಿ. ರಂಜಕ ‘ಹೆಚ್ಚು’ ಎಂದು ಚೀಟಿ ಬಂದರೆ ಈ ಸಲ ಡಿಎಪಿಗೆ ಕೈ ಬಿಗಿಹಿಡಿಯಿರಿ.