ಊರು ಕಾಣದ ಹುಡುಗ

ಐರಿಷ್ ಲೇಖಕ ಪ್ಯಾಟ್ರಿಕ್ ಮೆಕೇಬ್ ಅವರ ‘ದಿ ಬುಚರ್ ಬಾಯ್’ (1992) ಮಕ್ಕಳ ಕೈಗೆ ಕೊಡುವ ಕಾದಂಬರಿಯಲ್ಲ, ಹೆತ್ತವರು ಓದಬೇಕಾದದ್ದು. 1960ರ ದಶಕದ ಆರಂಭದ ಪುಟ್ಟ ಊರು. ತಂದೆ ಕುಡುಕ, ತಾಯಿ ಮನೋವ್ಯಥೆಯಿಂದ ನೀರುಪಾಲಾದವಳು. ಇವರನ್ನು ಹಂದಿಗಳೆಂದು ಶ್ರೀಮತಿ ನ್ಯೂಜೆಂಟ್ ಜರೆದ ಮಾತು ಬಾಲಕ ಫ್ರಾನ್ಸಿಯ ಎದೆಯಲ್ಲಿ ಕೀವುಗಟ್ಟಿ, ಕೊನೆಗೆ ಆಕೆಯ ಕೊಲೆಯಲ್ಲಿ ಮುಗಿಯುತ್ತದೆ. ಅವನೇ ನಗಿಸುತ್ತ ಕಥೆ ಹೇಳುವುದರಿಂದ ನಾವೂ ನಗುತ್ತೇವೆ, ಮರುಕ್ಷಣ ನಾಚುತ್ತೇವೆ.

ಕೊಲೆಯ ವಿವರ ನನಗೆ ಅತಿಯೆನಿಸಿತು. ಆದರೆ ಸುಧಾರಣಾ ಶಾಲೆಯಲ್ಲಿ ಅವನನ್ನು ಲೈಂಗಿಕವಾಗಿ ಪೀಡಿಸುವವನು ಒಬ್ಬ ಧರ್ಮಗುರು. ಆ ಪುಟಗಳನ್ನು ಅತಿಯೆನ್ನಲು ಗುರುವಾದ ನನಗೆ ಬಾಯಿಲ್ಲ. ಅಂಥ ಶಾಲೆಗಳ ಕ್ರೌರ್ಯವನ್ನು ಐರ್ಲೆಂಡಿನ ತನಿಖಾ ಆಯೋಗವೇ 2009ರಲ್ಲಿ ದಾಖಲಿಸಿತು.

ಕೊಲೆಯ ಹೊತ್ತಿಗೆ ಊರು ಮಾತೆ ಮರಿಯಮ್ಮನವರ ದರ್ಶನಕ್ಕಾಗಿ ಸಿಂಗರಿಸಿಕೊಂಡು ಕಾದಿರುತ್ತದೆ. ಫ್ರಾನ್ಸಿಯ ತಂದೆ ಮನೆಯೊಳಗೆ ಸತ್ತುಬಿದ್ದದ್ದು ಇದೇ ಊರಿಗೆ ಬಹುದಿನ ತಿಳಿದೇ ಇರಲಿಲ್ಲ.